ಹೊರಗೆ ಬರಬಾರದ ವಾಕ್ಯ

ಬೀಳ್ಕೊಡುಗೆಯ ದಿನ ನನಗೆ ಕೊಟ್ಟದ್ದು ಮೂರು ನಿಮಿಷ. ಆ ಮೂರು ನಿಮಿಷದಲ್ಲಿ ಶಿಸ್ತು, ಸಮಯಪಾಲನೆ, ವೃತ್ತಿನಿಷ್ಠೆ ಎಂಬ ಪದಗಳನ್ನು ಹೇಳಿ, ನಿವೃತ್ತ ಜೀವನ ಸುಖಮಯವಾಗಿರಲಿ ಎಂದು ಹಾರೈಸಿ ಕೂತೆ. ನನಗಿಂತ ಮೊದಲು ಮಾತಾಡಿದ ನಾಲ್ವರೂ ಅದನ್ನೇ ಹೇಳಿದ್ದರು. ನಿವೃತ್ತರಾಗುತ್ತಿದ್ದ ಸಹೋದ್ಯೋಗಿ ವೇದಿಕೆಯ ಮೇಲೆ ಶಾಲು ಹೊದ್ದು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಉತ್ತರ ಪತ್ರಿಕೆ ತಿದ್ದುವಾಗಿನ ಮುಖದಲ್ಲಿ ಕೇಳುತ್ತಿದ್ದರು. ಕೆಳಗಿಳಿದು ಬಂದ ಮೇಲೆ ನನ್ನ ಹತ್ತಿರ, "ನೀವ್ ಹೇಳದ್ದ್ ನನ್ನ್ ಬಗ್ಗೆ ಅಂದ್ ಕಡಿಗೆ ಹೆಸ್ರ್ ಹೇಳ್ದಾಗ್ಳೇ ಗೊತ್ತಾದ್ದ್" ಅಂದರು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ತಮ್ಮ ಹೆಸರು ಅಚ್ಚಾದರೂ ಅವರಿಗೆ ಆಗುತ್ತಿರಲಿಲ್ಲ. ಮಕ್ಕಳಿಗೆ ಅವರು ಕಂಪ್ಯೂಟರ್ ಮೇಡಂ. ನಾನೂ ಮೇಡಂ ಎಂದೇ ಕರೆಯುತ್ತಿದ್ದೆ. ಬ್ರಹ್ಮಾವರದಿಂದ ಸಾಸ್ತಾನದ ಕಡೆಗೆ ಬರುವಾಗ ಹೆದ್ದಾರಿಯಿಂದ ಸ್ವಲ್ಪ ಒಳಗೆ ಇರುವ ಪದವಿಪೂರ್ವ ಕಾಲೇಜು ನಮ್ಮದು. ನಾನು ಗಣಿತ, ಅವರು ಕಂಪ್ಯೂಟರ್ ವಿಜ್ಞಾನ. ಹದಿನಾರು ವರ್ಷ ನಮ್ಮ ಮೇಜುಗಳು ಎದುರು ಬದುರಾಗಿದ್ದವು.

ಅವರ ಮನೆ ಬೈಂದೂರಿನಲ್ಲಿ. ಟೈಲರಿಂಗ್ ಮಾಡುವ ತಂಗಿಯ ಜೊತೆ ಇದ್ದರು. ದಿನಾ ಬೆಳಿಗ್ಗೆ ಬಸ್ಸು ಹತ್ತಿ, ಕುಂದಾಪುರದಲ್ಲಿ ಇಳಿದು ಇನ್ನೊಂದು ಹಿಡಿದು, ಪ್ರಾರ್ಥನೆಯ ಗಂಟೆಗೆ ಹತ್ತು ನಿಮಿಷ ಮುಂಚೆ ಬರುತ್ತಿದ್ದರು. ಎತ್ತರ, ತೆಳ್ಳಗೆ, ಇಸ್ತ್ರಿಯ ಗೆರೆ ಸಂಜೆಯಾದರೂ ಮುರಿಯದ ಹತ್ತಿ ಸೀರೆ. ಕೈಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟಿಕೊಳ್ಳುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, "ಗಂಟೆ ನಂಗೆ ಬೇಕಾದ್ದ್. ಎದ್ರಿಗೆ ಕೂತವ್ರಿಗೆ ಎಂತಕೆ?" ಅಂದಿದ್ದರು. ಮೊದಲು ಕುಂದಾಪುರದಲ್ಲಿ ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದರಂತೆ. ಟೈಪ್‌ರೈಟರುಗಳ ಕಾಲ ಮುಗಿಯುತ್ತಿದೆ ಎಂದು ಉಳಿದವರಿಗಿಂತ ಮೊದಲೇ ತಿಳಿದು, ರಜೆಯಲ್ಲಿ ಕಂಪ್ಯೂಟರು ಕಲಿತು, ಪದವಿಗಳನ್ನು ಅಂಚೆಯ ಮೂಲಕ ಮಾಡಿಕೊಂಡು ಈ ಕೆಲಸಕ್ಕೆ ಬಂದವರು.

ಬೇರೆಯವರ ಕಾಗದವನ್ನು ಅವರು ಓದುತ್ತಿರಲಿಲ್ಲ. ಇದನ್ನು ಗುಣ ಅನ್ನಬೇಕೋ ಚಾಳಿ ಅನ್ನಬೇಕೋ ನನಗೆ ಬಹಳ ದಿನ ಗೊತ್ತಾಗಲಿಲ್ಲ. ಸ್ಟಾಫ್ ರೂಮಿನ ಮೇಜಿನ ಮೇಲೆ ಯಾರದೋ ಚೀಟಿ ಬಿದ್ದಿದ್ದರೆ ತಿರುಗಿಸಿ, ಬರಹ ಕೆಳಗಾಗುವಂತೆ ಇಟ್ಟು, ಅದರ ಮೇಲೆ ಡಸ್ಟರ್ ಇಡುತ್ತಿದ್ದರು. ನಾನು ಫೋನಿನಲ್ಲಿ ನನ್ನ ತಂಗಿಯ ಮಗುವಿನ ಫೋಟೋ ತೋರಿಸಿದರೆ ಮೊದಲು, "ನಾನ್ ಕಾಂಬುಕಾ?" ಎಂದು ಕೇಳಿ, ನೋಡಿ, "ಮುಂದಿಂದ್ ನೀವೇ ಸರ್ಸಿ" ಎಂದು ಫೋನನ್ನು ಮುಟ್ಟದೆ ಕೂರುತ್ತಿದ್ದರು.

ಕಾಲೇಜಿನ ಆಫೀಸಿನ ಕಂಪ್ಯೂಟರಿನ ಮೇಲೆ ಪಾಸ್‌ವರ್ಡ್ ಬರೆದ ಚೀಟಿ ಅಂಟಿಸಿತ್ತು. ಕಾಲೇಜಿನ ಹೆಸರು, ಅದರ ಮುಂದೆ ಒಂದು ಎರಡು ಮೂರು. ನೀರು ಕೊಡುವವಳಿಗೂ ಅದು ಬಾಯಿಪಾಠ. ಮೇಡಂ ಒಂದು ದಿನ ಚೀಟಿಯನ್ನು ಕಿತ್ತು ಹರಿದು, ಪ್ರಿನ್ಸಿಪಾಲರನ್ನು ಕೂರಿಸಿ, ನಿಮಗೆ ನೆನಪಿರುವ ಒಂದು ವಾಕ್ಯ ತೆಗೆದುಕೊಂಡು ಅದರಿಂದ ಪಾಸ್‌ವರ್ಡ್ ಮಾಡಿಕೊಳ್ಳಿ ಎಂದು ವಿಧಾನ ಹೇಳಿಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಪ್ರಿನ್ಸಿಪಾಲರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು.

"ಮೇಡಂ, ವಾಕ್ಯ ಮರೆತುಹೋಯಿತಲ್ಲ. 'ನಮ್ಮ ಕಾಲೇಜು ಜಿಲ್ಲೆಗೇ ಮಾದರಿ' ಅಂತ ಇಟ್ಟಿದ್ದೆನೋ, 'ರಾಜ್ಯಕ್ಕೇ ಮಾದರಿ' ಅಂತಲೋ."

"ಸುಳ್ಳ್ ನೆನಪಲ್ ಉಳುದಿಲ್ಲೆ ಸರ್. ನಿಜದ್ದ್ ಒಂದ್ ತಕಣಿ."

ಮರುದಿನ ಅವರು ಬೇರೆ ವಾಕ್ಯ ಇಟ್ಟರು. ಅದನ್ನು ಮತ್ತೆ ಯಾವತ್ತೂ ಮರೆಯಲಿಲ್ಲ. ಏನು ವಾಕ್ಯವೆಂದು ಯಾರಿಗೂ ಗೊತ್ತಿಲ್ಲ. ನನ್ನಿಂದಲೂ ಅವರು ಒಂದು ಮಾಡಿಸಿದರು. ಅದು ಈಗಲೂ ಬಳಕೆಯಲ್ಲಿ ಇರುವುದರಿಂದ ಇಲ್ಲಿ ಹೇಳುವ ಹಾಗಿಲ್ಲ.

ಇದೇ ವಿಧಾನವನ್ನು ಅವರು ದ್ವಿತೀಯ ಪಿಯುಸಿಯ ಮಕ್ಕಳಿಗೆ ಪ್ರತಿ ವರ್ಷ ಲ್ಯಾಬಿನಲ್ಲಿ ಪ್ರೋಗ್ರಾಮಾಗಿ ಬರೆಸುತ್ತಿದ್ದರು. ಪಠ್ಯದಲ್ಲಿ ಇಲ್ಲದ ಲೆಕ್ಕ, ಅವರದೇ. ಲೆಕ್ಕ ಇಷ್ಟು: ಒಂದು ವಾಕ್ಯವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಕಂಪ್ಯೂಟರು ಪ್ರತಿಯೊಂದು ಪದದ ಮೊದಲ ಅಕ್ಷರವನ್ನು ತೆಗೆದುಕೊಂಡು, ಆ ಪದದಲ್ಲಿ ಎಷ್ಟು ಅಕ್ಷರ ಇದೆಯೋ ಆ ಸಂಖ್ಯೆಯನ್ನು ಪಕ್ಕದಲ್ಲಿ ಇಡಬೇಕು. ಅಕ್ಷರಗಳು ಒಂದು ದೊಡ್ಡದು, ಒಂದು ಸಣ್ಣದು ಆಗುತ್ತ ಹೋಗಬೇಕು. 'ನಮ್ಮ ದನ ಕರು ಹಾಕಿತ್ತ್' ಎಂದು ಕೊಟ್ಟರೆ ದೊಡ್ಡ ಎನ್, ಐದು. ಸಣ್ಣ ಡಿ, ನಾಲ್ಕು. ದೊಡ್ಡ ಕೆ, ನಾಲ್ಕು. ಸಣ್ಣ ಎಚ್, ಏಳು. ನೋಡಿದವರಿಗೆ ಅರ್ಥವಿಲ್ಲದ ಎಂಟು ಗುರುತು. ದನ ಕರು ಹಾಕಿದ್ದು ಗೊತ್ತಿದ್ದವರಿಗೆ ಮರೆಯಲು ಸಾಧ್ಯವೇ ಇಲ್ಲದ ಪಾಸ್‌ವರ್ಡ್.

ಕೇಳಲು ಸುಲಭ. ಆದರೆ ಎರಡು ಪದಗಳ ನಡುವೆ ಬೆರಳು ತಪ್ಪಿ ಎರಡು ಸಲ ಖಾಲಿ ಜಾಗ ಒತ್ತಿದರೆ ಅರ್ಧ ಕ್ಲಾಸಿನ ಪ್ರೋಗ್ರಾಮು ಬಿದ್ದುಹೋಗುತ್ತಿತ್ತು. ಮಧ್ಯೆ ಸೊನ್ನೆ ಅಕ್ಷರದ ಒಂದು ಪದ ಇದೆ ಎಂದು ಅದು ತಿಳಿದುಕೊಳ್ಳುತ್ತಿತ್ತು. "ಇಲ್ಲದ್ ಪದಕ್ಕೆ ಎಂತ ಲೆಕ್ಕ ಮಾಡ್ತ್ರಿ?" ಎಂದು ಕೇಳಿ, ಉತ್ತರ ಹೇಳಿಕೊಡದೆ ಮುಂದಿನ ಮೇಜಿಗೆ ಹೋಗುತ್ತಿದ್ದರು. ಇನ್ನೊಂದು ನಿಯಮವನ್ನು ಅವರು ಬೋರ್ಡಿನ ಮೇಲೆ ಬರೆದು ಅಡಿಗೆರೆ ಹಾಕುತ್ತಿದ್ದರು: ಹೊರಗೆ ಬರಬೇಕಾದದ್ದು ಪಾಸ್‌ವರ್ಡ್ ಮಾತ್ರ. ವಾಕ್ಯ ಒಳಗೇ ಇರಬೇಕು. ತೆರೆಯ ಮೇಲಾಗಲಿ ಪ್ರಿಂಟಿನಲ್ಲಾಗಲಿ ಬರಬಾರದು.

"ಸುಳ್ಳ್ ವಾಕ್ಯ ತಕಣ್ಬೇಡಿ. ನಿಮ್ಗ್ ಮಾತ್ರ ಗೊತ್ತಿಪ್ಪ ನಿಜ ಒಂದ್ ತಕಣಿ. ನಾನ್ ಕಾಂಬುದಿಲ್ಲೆ."

ಮಕ್ಕಳು ವಾಕ್ಯ ಟೈಪ್ ಮಾಡುವಷ್ಟು ಹೊತ್ತು ಅವರು ಲ್ಯಾಬಿನ ಕಿಟಕಿಗೆ ಮುಖ ಮಾಡಿ, ಕೈ ಹಿಂದೆ ಕಟ್ಟಿ ನಿಂತಿರುತ್ತಿದ್ದರು. ಆಚೆ ನೋಡುವಂಥದ್ದು ಏನೂ ಇರಲಿಲ್ಲ, ಸೈಕಲ್ ಸ್ಟ್ಯಾಂಡಿನ ತಗಡು ಮಾತ್ರ. "ಆಯ್ತಾ?" ಎಂದು ಕೇಳಿ, ಎಲ್ಲರೂ ಆಯಿತು ಅಂದ ಮೇಲೆಯೇ ತಿರುಗುತ್ತಿದ್ದರು. ಒಮ್ಮೆ ನಾನು ಆ ಕಡೆ ಹೋದಾಗ ಇದನ್ನು ನೋಡಿ ನಕ್ಕಿದ್ದೆ. ಹದಿನೇಳು ವರ್ಷದವರ ಗುಟ್ಟು ಎಂಥದಿರುತ್ತದೆ, ಯಾರೋ ಯಾರನ್ನೋ ಮೆಚ್ಚಿದ್ದು, ಅಪ್ಪನ ಬೈಕನ್ನು ಕೇಳದೆ ಓಡಿಸಿದ್ದು, ಅಷ್ಟೇ ಅಲ್ಲವೇ ಅಂದೆ. "ನಂಗ್ ಗೊತ್ತಿಲ್ಲೆ. ನಾನ್ ಓದುದಿಲ್ಲೆ ಅಲ್ದಾ" ಅಂದರು.

ಎಂಟು ವರ್ಷದ ಹಿಂದೆ, ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಅವರು ಇದ್ದಕ್ಕಿದ್ದ ಹಾಗೆ ರಜೆ ಹಾಕತೊಡಗಿದರು. ಹದಿನೈದು ದಿನಕ್ಕೆ ಒಂದು, ವಾರಕ್ಕೆ ಒಂದು, ಒಮ್ಮೆ ಸಾಲಾಗಿ ಎರಡು. ಪೂರ್ವಸಿದ್ಧತಾ ಪರೀಕ್ಷೆ ನಡೆಯುತ್ತಿದ್ದ ದಿನಗಳು ಅವು. ಅವರ ಲ್ಯಾಬಿನ ಬ್ಯಾಚುಗಳನ್ನು ನಾನು ಕಾಯಬೇಕಾಯಿತು. ಕಂಪ್ಯೂಟರಿನ ಬಗ್ಗೆ ನನಗೆ ಗೊತ್ತಿದ್ದದ್ದು ಹಚ್ಚುವುದು, ಆರಿಸುವುದು. ಮಕ್ಕಳು ಪ್ರಶ್ನೆ ಕೇಳಿದರೆ ಮೇಡಂ ಬರಲಿ ಎನ್ನುತ್ತಿದ್ದೆ. ಯಾಕೆ ರಜೆ ಎಂದು ಅವರನ್ನು ಕೇಳಿದಾಗ, "ಸ್ವಲ್ಪ ಕೆಲ್ಸ ಇತ್ತ್" ಅಂದರು. ಮತ್ತೊಮ್ಮೆ ಕೇಳಿದಾಗಲೂ ಅದೇ. ಮಣಿಪಾಲದಲ್ಲಿ ಟ್ಯೂಷನ್ ಹಿಡಿದಿದ್ದಾರೆ ಎಂದು ಇಬ್ಬರು ಹೇಳಿದರು. ನಾನು ನಂಬಿದೆನೋ ಇಲ್ಲವೋ ಈಗ ನೆನಪಿಲ್ಲ. ಅಲ್ಲ ಎಂದು ವಾದಿಸಲಂತೂ ಇಲ್ಲ.

ಜನವರಿಯ ಕೊನೆಗೆ ನಾಲ್ವರು ಸೇರಿ ಪ್ರಿನ್ಸಿಪಾಲರಿಗೆ ದೂರು ಬರೆದು ಕೊಟ್ಟೆವು. ಕರಡು ನನ್ನದಲ್ಲ. ಮೂರನೆಯ ಸಹಿ ನನ್ನದು. ಪ್ರಿನ್ಸಿಪಾಲರು ವಿವರಣೆ ಕೇಳಿ ಮೆಮೊ ಕೊಟ್ಟರು, ದೂರಿನ ಪ್ರತಿಯನ್ನೂ ಅದಕ್ಕೆ ಲಗತ್ತಿಸಿದ್ದರಂತೆ. ಮೇಡಂ ಬರೆದ ವಿವರಣೆ 'ಸ್ವಂತ ಕೆಲಸದ ನಿಮಿತ್ತ' ಎಂಬ ಮೂರೇ ಪದ. ಇನ್ನೂ ಎರಡು ಸಾಲು ಬರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು ಎಂದು ಪ್ರಿನ್ಸಿಪಾಲರೇ ಹೇಳಿದರು. ಆಡಳಿತ ಮಂಡಳಿಗೆ ಅದು ಉದ್ಧಟತನವಾಗಿ ಕಂಡಿತು. ಮುಂದಿನ ವರ್ಷದಿಂದ ಲ್ಯಾಬಿನ ಜವಾಬ್ದಾರಿ ಹೊಸದಾಗಿ ಬಂದ ಹುಡುಗ ಲೆಕ್ಚರರಿಗೆ ಹೋಯಿತು. ಪಠ್ಯದಲ್ಲಿ ಇಲ್ಲದ ಲೆಕ್ಕ ಬೇಡ ಎಂದು ವಾಕ್ಯದ ಪ್ರೋಗ್ರಾಮನ್ನು ಪಟ್ಟಿಯಿಂದ ತೆಗೆದರು. ಮೇಡಂ ಥಿಯರಿ ಮಾತ್ರ ಪಾಠ ಮಾಡಿದರು, ನಿವೃತ್ತಿಯವರೆಗೂ. ಲ್ಯಾಬಿನ ಬೀಗದ ಕೈಯನ್ನು ಆ ಹುಡುಗನಿಗೆ ಕೊಟ್ಟ ದಿನ, ಯಾವ ಕಂಪ್ಯೂಟರಿನ ಯಾವ ಕೀ ಅಂಟುತ್ತದೆ ಎಂದು ಒಂದು ಪಟ್ಟಿಯನ್ನೂ ಜೊತೆಗೆ ಕೊಟ್ಟರು. ನನ್ನ ಎದುರಿನ ಮೇಜು ಬದಲಿಸಲಿಲ್ಲ. ಊಟದ ಹೊತ್ತಿಗೆ ಕುಚ್ಚಲಕ್ಕಿ ಅನ್ನದ ಜೊತೆ ತಂದ ಮಾವಿನಮಿಡಿಯ ಉಪ್ಪಿನಕಾಯಿಯಲ್ಲಿ ಒಂದನ್ನು ಎಂದಿನಂತೆ ನನ್ನ ಡಬ್ಬಿಯ ಮುಚ್ಚಳಕ್ಕೆ ಹಾಕುತ್ತಿದ್ದರು.

ಬೀಳ್ಕೊಡುಗೆ ಮುಗಿದು ಶಾಮಿಯಾನದ ಕುರ್ಚಿ ಎತ್ತುತ್ತಿದ್ದಾಗ ಒಬ್ಬ ಹುಡುಗಿ ನನ್ನ ಹತ್ತಿರ ಬಂದಳು. ಇಪ್ಪತ್ತೈದರ ಹತ್ತಿರದ ವಯಸ್ಸು.

"ಗುರ್ತ್ ಸಿಕ್ತಾ ಮೇಡಂ?"

ಸಿಕ್ಕಿತು. ಕುಂಭಾಶಿಯಿಂದ ಬರುತ್ತಿದ್ದವಳು. ಮೊದಲ ಬೆಂಚಿನಲ್ಲಿ ಕೂತು, ಬೋರ್ಡು ನೋಡದೆ ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಿದ್ದಳು. ಎರಡು ಸಲ ಎಚ್ಚರಿಸಿ, ಮೂರನೆಯ ಸಲ ನಾನು ಅವಳನ್ನು ಕೊನೆಯ ಬೆಂಚಿಗೆ ಕಳಿಸಿದ್ದೆ. ಈಗ ಬೈಂದೂರು ಕಡೆಯ ಒಂದು ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದ್ದೇನೆ ಅಂದಳು. ಕಂಪ್ಯೂಟರ್ ಮೇಡಂ ಆಗಲೇ ಬಸ್ಸು ಹಿಡಿದು ಹೋಗಿದ್ದರು. ಅವರ ಮನೆ ಎಲ್ಲಿ ಎಂದು ಕೇಳಿದಳು. ಯಾಕೆಂದು ವಿಚಾರಿಸಿದೆ.

"ಅವ್ರ್ ನಿಮ್ಗ್ ಯಾವತ್ತೂ ಹೇಳ್ಲಿಲ್ಯಾ? ನಂಗೆ ಕಣ್ಣ್ ಕಾಣ್ಸದ್ದ್ ಅವ್ರೇ."

ಇನ್ನು ಮುಂದಿನದು ಅಂದು ಖಾಲಿ ಶಾಮಿಯಾನದ ಕೆಳಗೆ ಅವಳು ಹೇಳಿದ್ದು.

ಪಿಯುಸಿಗೆ ಬರುವ ಹೊತ್ತಿಗೇ ಅವಳಿಗೆ ದೃಷ್ಟಿ ಮಸುಕಾಗತೊಡಗಿತ್ತು. ಒಂದು ಅಕ್ಷರ ಎರಡಾಗಿ, ಮೂರಾಗಿ, ಬಾಲ ಎಳೆದುಕೊಂಡು ಕಾಣುತ್ತಿತ್ತು. ಮನೆಯಲ್ಲಿ ಹೇಳಲಿಲ್ಲ. ಅವಳ ಚಿಕ್ಕಮ್ಮನಿಗೂ ಅದೇ ವಯಸ್ಸಿನಲ್ಲಿ ಹೀಗೇ ಶುರುವಾಗಿ, ಯಾರೂ ಸರಿಯಾಗಿ ತೋರಿಸದೆ, ಒಂದು ಕಣ್ಣು ಪೂರ್ತಿ ಹೋಗಿತ್ತು. ಆ ಚಿಕ್ಕಮ್ಮನನ್ನು ನೋಡಿ ಇವಳ ಅಕ್ಕನಿಗೆ ಬಂದಿದ್ದ ಎರಡು ಸಂಬಂಧ ತಪ್ಪಿಹೋಗಿದ್ದವು, ಮನೆತನದ ದೋಷ ಎಂದು. ಮೂರನೆಯದು ಕೋಟೇಶ್ವರದ ಕಡೆಯಿಂದ. ಅವರಿಗೆ, ಚಿಕ್ಕಮ್ಮನ ಕಣ್ಣು ಸಣ್ಣದರಲ್ಲಿ ಜ್ವರ ಬಂದು ಹೋದದ್ದು ಎಂದು ಹೇಳಿಯಾಗಿತ್ತು. ನಿಶ್ಚಯವಾಗಿ, ಮೇ ತಿಂಗಳಿಗೆ ಮದುವೆ. ಈಗ ತಂಗಿಯ ಕಣ್ಣಿನ ಸುದ್ದಿ ಹೊರಗೆ ಬಿದ್ದರೆ ಅಕ್ಕನ ಗತಿ ಏನು? ಮೇ ಮುಗಿಯುವವರೆಗೆ ತಡೆದುಕೊಳ್ಳೋಣ ಎಂದು ಹದಿನೇಳರ ಹುಡುಗಿ ತಾನೇ ತೀರ್ಮಾನ ಮಾಡಿದ್ದಳು.

ಲ್ಯಾಬಿನಲ್ಲಿ ಮೇಡಂ ಕಿಟಕಿಗೆ ಮುಖ ಮಾಡಿ ನಿಂತು ನಿಜದ ವಾಕ್ಯ ಅಂದಾಗ ಅವಳು ಟೈಪ್ ಮಾಡಿದ್ದು: 'ನಂಗೆ ಕಣ್ಣ್ ಕಾಂತಿಲ್ಲೆ ಅಕ್ಕನ ಮದಿ ಆಯ್ಲಿ.' ಕಣ್ಣು ಕಾಣುತ್ತಿಲ್ಲ, ಅಕ್ಕನ ಮದುವೆ ಆಗಲಿ. ಬೇರೆ ಯಾವ ಮಾತೂ ಆ ದಿನ ತಲೆಗೆ ಬರಲಿಲ್ಲ ಅಂದಳು. ಪ್ರೋಗ್ರಾಮಿನಲ್ಲಿ ವಾಕ್ಯಕ್ಕೆ ಎಂ ಎಂದೂ ಪಾಸ್‌ವರ್ಡಿಗೆ ಎನ್ ಎಂದೂ ಹೆಸರು ಕೊಟ್ಟಿದ್ದಳು. ಕೊನೆಯ ಸಾಲಿನಲ್ಲಿ ಎನ್ ಅನ್ನು ಪ್ರಿಂಟ್ ಮಾಡು ಎಂದು ಬರೆಯುವ ಬದಲು ಬೆರಳು ಪಕ್ಕದ ಎಂ ಒತ್ತಿತು. ತೆರೆಯ ಮೇಲೆ ಎರಡೂ ಅವಳಿಗೆ ಒಂದೇ ಥರ. ಪ್ರಿಂಟರಿನಿಂದ ಬಂದ ಹಾಳೆಯನ್ನು ಓದಲಾಗದೆ ಹಾಗೆಯೇ ರೆಕಾರ್ಡಿಗೆ ಅಂಟಿಸಿ ಕೊಟ್ಟಳು.

ಎರಡು ದಿನದ ಮೇಲೆ ಊಟದ ಬಿಡುವಿನಲ್ಲಿ ಮೇಡಂ ಅವಳನ್ನು ಲ್ಯಾಬಿಗೆ ಕರೆದರು. ರೆಕಾರ್ಡ್ ಮುಚ್ಚಿ ಮೇಜಿನ ಮೇಲಿತ್ತು.

"ಕೂಕೊ. ಮೊದ್ಲ್ ನನ್ನ್ ತಪ್ಪ್ ಹೇಳ್ತೆ. ನಿನ್ನ್ ವಾಕ್ಯ ಓದ್ದೆ. ಓದುಕೆ ಹೋದ್ದಲ್ಲ, ಹಾಳಿ ಮೇಲ್ ಇದ್ದಿತ್, ಕಣ್ಣಿಗ್ ಬಿತ್ತ್. ಓದುದಿಲ್ಲೆ ಅಂದಿದ್ದೆ, ಓದಿ ಆಯ್ತ್."

ಹುಡುಗಿ ಅದು ಸುಮ್ಮನೆ ಬರೆದದ್ದು ಅಂದಳು. ಮೇಡಂ ಒಂದು ಕಂಪ್ಯೂಟರು ಹಚ್ಚಿ, ಒಂದು ಸಾಲು ಅಕ್ಷರ ಟೈಪ್ ಮಾಡಿದರು.

"ಇದ್ರಗೆ ಎಂ ಎಷ್ಟ್ ಇತ್ತ್, ಎಣ್ಸ್ ಕಾಂಬ."

ಅವಳು ಮುಖವನ್ನು ತೆರೆಗೆ ಹತ್ತಿರ ಮಾಡಿ ಎಣಿಸಿದಳು. "ಏಳ್."

"ಒಂದೂ ಇಲ್ಲೆ. ಎಲ್ಲಾ ಎನ್."

ಆಗ ಅವಳು ಅತ್ತದ್ದು. ಮೇಡಂ ಸಮಾಧಾನ ಮಾಡಲಿಲ್ಲ, ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಅಳು ನಿಂತ ಮೇಲೆ ತಿರುಗಿ, "ಎಷ್ಟ್ ಸಮಯದಿಂದ?" ಎಂದು ಕೇಳಿದರು. ಎಲ್ಲ ಹೇಳಿದಳು. ಯಾರಿಗೂ ಹೇಳಬೇಡಿ ಎಂದು ಕೈ ಮುಗಿದಳು.

"ಹೇಳುದಿಲ್ಲೆ. ಆರೆ ನಿನ್ನ್ ಅಮ್ಮಂಗೆ ನೀನೇ ಹೇಳ್ಕ್. ಇವತ್ತೇ. ನಾನ್ ನಾಳೆ ಬತ್ತೆ."

ತಾಯಿ ಕುಂಭಾಶಿಯ ದೇವಸ್ಥಾನದ ದಾರಿಯಲ್ಲಿ ಹಣ್ಣುಕಾಯಿ ಮಾರುತ್ತಿದ್ದರು. ತಂದೆ ಮುಂಬಯಿಯ ಹೋಟೆಲೊಂದರಲ್ಲಿ. ಮರುದಿನ ಮೇಡಂ ಮನೆಗೆ ಹೋಗುವ ಬಸ್ಸಿನಿಂದ ಅರ್ಧದಲ್ಲಿ ಇಳಿದು ಆ ಅಂಗಡಿಯ ಮುಂದೆ ನಿಂತರು. ತಾಯಿಗೆ ವಿಷಯ ಗೊತ್ತಾಗಿ ಒಂದು ರಾತ್ರಿ ಕಳೆದಿತ್ತು.

"ಮದಿ ಒಂದ್ ಮುಗಿಲಿ ಟೀಚರೆ. ಐದ್ ತಿಂಗ್ಳ್ ಅಲ್ದಾ. ಮತ್ತೆ ನಾನೇ ಕರ್ಕಂಡ್ ಹೋತೆ" ಅಂದರು ತಾಯಿ.

"ಐದ್ ತಿಂಗ್ಳ್ ಕಾದ್ರೆ ಎಂತ ಆತ್ತ್ ಅಂದ್ ನಂಗೂ ಗೊತ್ತಿಲ್ಲೆ, ನಿಮ್ಗೂ ಗೊತ್ತಿಲ್ಲೆ. ಗೊತ್ತಿಪ್ಪವ್ರ ಹತ್ರ ಕೇಂಬ."

"ಆಸ್ಪತ್ರಿಲಿ ಯಾರಾರೂ ಕಂಡ್ರೆ? ಗಂಡಿನ ಸೋದರಮಾವ ನಿಮ್ ಕಾಲೇಜಂಗೇ ಇಪ್ಪುದ್. ಆಫೀಸಿನ ಸುಪರಿಂಟೆಂಡೆಂಟ್."

ಮೇಡಂಗೆ ಅದು ಗೊತ್ತಿರಲಿಲ್ಲ. "ಹಾಂಗಾರೆ ನೀವ್ ಬಪ್ಪುದ್ ಬೇಡ. ಸಹಿ ಹಾಕುಕೆ ಒಂದ್ ದಿನ ಬಂದ್ರೆ ಸಾಕ್. ಉಳಿದ್ದ್ ನಾನ್ ಕರ್ಕಂಡ್ ಹೋತೆ" ಅಂದರು.

"ಕಾಲೇಜಲ್ಲಿ ಕೇಂಡ್ರೆ ಎಂತ ಹೇಳ್ತ್ರಿ?"

"ಎಂತದೂ ಹೇಳುದಿಲ್ಲೆ."

ತಾಯಿ ಒಂದು ತೆಂಗಿನಕಾಯಿಯನ್ನು ಕೈಯಲ್ಲಿ ತಿರುಗಿಸುತ್ತ ಬಹಳ ಹೊತ್ತು ಕೂತಿದ್ದರಂತೆ. ಕೊನೆಗೆ ಎದ್ದು, "ನನ್ ತಂಗಿಗೆ ಯಾರೂ ಹೀಂಗ್ ಬಂದ್ ಕೇಣ್ಲಿಲ್ಲ" ಅಂದರು.

ಮಣಿಪಾಲದ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದ ಡಾಕ್ಟರು, ಕಣ್ಣಿನ ಮುಂಭಾಗದ ಗಾಜಿನಂಥ ಪದರ ತೆಳುವಾಗಿ ಮುಂದಕ್ಕೆ ಉಬ್ಬುವ ತೊಂದರೆ ಇದು, ಹೋದಷ್ಟು ಹೋಯಿತು, ಇನ್ನು ಮುಂದೆ ಹೋಗದ ಹಾಗೆ ತಡೆಯಬಹುದು, ಆದರೆ ಕಾಯಬಾರದು ಅಂದರು. ಮೊದಲು ಒಂದು ಕಣ್ಣಿಗೆ ಚಿಕಿತ್ಸೆ, ಕೆಲವು ವಾರಗಳ ನಂತರ ಇನ್ನೊಂದಕ್ಕೆ. ಪ್ರತಿ ಸಲ ತಪಾಸಣೆ. ಮೇಡಂ ಕುಂದಾಪುರದಿಂದ ಬರುವ ಬಸ್ಸಿನಲ್ಲೇ ಕೂತಿರುತ್ತಿದ್ದರು, ಇವಳು ಕುಂಭಾಶಿಯಲ್ಲಿ ಹತ್ತಿ ಬೇರೆ ಸೀಟಿನಲ್ಲಿ ಕೂರುತ್ತಿದ್ದಳು. ನಮ್ಮ ಕಾಲೇಜಿನ ಸ್ಟಾಪು ದಾಟಿ ಉಡುಪಿ ಬಂದ ಮೇಲೆ ಮೇಡಂ ಎದ್ದು ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಕಾಯುವ ಸಾಲಿನಲ್ಲಿ ಅವಳಿಗೆ ಪಾಠಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಗಣಿತವನ್ನೂ. ಪರೀಕ್ಷೆಯಲ್ಲಿ ಅವಳು ಪಾಸಾದದ್ದು ಅದರಿಂದ. ಕಾಲೇಜಿನಲ್ಲಿ ಅವಳ ಗೈರುಹಾಜರಿಯನ್ನೂ ಮೇಡಂ ಅವರ ರಜೆಯನ್ನೂ ಜೋಡಿಸಿ ನೋಡಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಮೇ ತಿಂಗಳಲ್ಲಿ ಮದುವೆ ಆಯಿತು. ಮೇಡಂ ಬಂದಿದ್ದರು, ಸುಪರಿಂಟೆಂಡೆಂಟರ ಪಕ್ಕದ ಎಲೆಯಲ್ಲೇ ಕೂತು ಊಟ ಮಾಡಿದರು. ಹೊರಡುವಾಗ ಹುಡುಗಿಯನ್ನು ಬದಿಗೆ ಕರೆದು, "ಇನ್ ನನ್ನ್ ಕಾಂಬುಕೆ ಬಪ್ಪುದ್ ಬೇಡ. ಎಂತಕೆ ಬತ್ತಿದ್ಲ್ ಅಂದ್ ಜನ ಕೇಂತ್ರ್" ಅಂದರು. ಅವಳು ಹಾಗೆಯೇ ಮಾಡಿದಳು. ಈಗ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡರೆ ಎಲ್ಲ ಸ್ಪಷ್ಟ ಕಾಣುತ್ತದೆ.

ಮೆಮೊ ವಿಷಯ ನಾನು ಹೇಳಿದೆ. ಅವಳಿಗೆ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಒಟ್ಟಿಗೆ ಬೈಂದೂರಿಗೆ ಹೋದೆವು. ಮೇಡಂ ಜಗಲಿಯಲ್ಲಿ ಕೂತು, ತಂಗಿ ಹೊಲಿದ ರವಿಕೆಗಳಿಗೆ ಹುಕ್ಕು ಹಾಕುತ್ತಿದ್ದರು. ನಮ್ಮಿಬ್ಬರನ್ನು ಒಟ್ಟಿಗೆ ನೋಡಿ ವಿಷಯ ತಿಳಿದಿರಬೇಕು. ಹುಡುಗಿ ಕಾಲಿಗೆ ಬಗ್ಗಿದಳು. ಅವರು, "ಸಾಕ್, ಏಳ್. ಲೆನ್ಸ್ ದಿನಕ್ಕೆ ಎಷ್ಟ್ ಗಂಟಿ ಹಾಕಂತೆ?" ಎಂದು ಕೇಳಿದರು. ಹತ್ತು ಗಂಟೆ ಅಂದಳು. ಜಾಸ್ತಿಯಾಯಿತು ಅಂದರು. ತಂಗಿ ಚಾ ತಂದರು.

ನಾನು ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆ. ಹೇಳುವಾಗ ಆ ಜೋಡಣೆ ನಿಲ್ಲಲಿಲ್ಲ.

"ಮೇಡಂ, ಆ ವರ್ಷ ನಿಮ್ಮ್ ಮೇಲ್ ಬರ್ದ್ ಕೊಟ್ಟದ್ರಂಗೆ ನನ್ ಸಹಿಯೂ ಇದ್ದಿತ್."

"ಗೊತ್ತಿತ್ತ್. ನಾಲ್ಕ್ ಸಹಿ. ಓದುಕೆ ಆಪ್ದ್ ನಿಮ್ದ್ ಒಂದೇ ಇದ್ದಿತ್."

ಎಂಟು ವರ್ಷ ಎದುರಿಗೆ ಕೂತಿದ್ದರು.

"ಗೊತ್ತಿದ್ದೂ ಎಂತಕೆ ಒಂದ್ ಮಾತೂ ಕೇಣ್ಲಿಲ್ಲ?"

"ನಾನ್ ಕೇಂಡ್ರೆ ನೀವ್ ಕಾರಣ ಕೇಂತಿದ್ರಿ. ಕಾರಣ ನಂದಲ್ಲ ಅಲ್ದಾ."

ಪ್ರಿನ್ಸಿಪಾಲರು ಈಗಲೂ ಇದ್ದಾರೆ, ಸುಪರಿಂಟೆಂಡೆಂಟರು ನಿವೃತ್ತರಾಗಿದ್ದಾರೆ, ಆಡಳಿತ ಮಂಡಳಿಗೆ ನಾನು ಹೋಗಿ ಹೇಳುತ್ತೇನೆ, ನಿಮ್ಮ ಕಡತದಲ್ಲಿ ಆ ಮೆಮೊ ಇರುವುದು ಬೇಡ ಅಂದೆ. ಅವರು ದಾರವನ್ನು ಹಲ್ಲಿನಲ್ಲಿ ಕಡಿದು, ಕಡತವನ್ನು ಇನ್ನು ಯಾರು ತೆಗೆಯುತ್ತಾರೆ ಎಂದು ಕೇಳಿ, ಹುಡುಗಿಯ ಕಡೆ ತಿರುಗಿದರು.

"ಅಕ್ಕಂಗೆ ಮಕ್ಳ್ ಎಷ್ಟ್?"

"ಎರಡ್. ಹೆಣ್ಣ್ ಒಂದ್, ಗಂಡ್ ಒಂದ್."

"ಕಣ್ಣ್ ತೋರ್ಸಿದ್ರಾ?"

ಹುಡುಗಿ ಚಾದ ಲೋಟ ಕೆಳಗಿಟ್ಟು, "ಅಕ್ಕನ ಗಂಡನ ಮನೇಲಿ ಇನ್ನೂ ಗೊತ್ತಿಲ್ಲೆ ಮೇಡಂ. ಗೊತ್ತಾದ್ರೆ..." ಎಂದು ನಿಲ್ಲಿಸಿದಳು.

"ಅವತ್ತ್ ನೀ ಸಣ್ಣದ್. ಹೇಳ್ಬೇಡಿ ಅಂದೆ, ನಾನ್ ಹೇಳ್ಲಿಲ್ಲೆ. ಇವತ್ತ್ ಆ ಮಕ್ಳ್ ಸಣ್ಣದ್. ಅವ್ಕೆ ಹೇಳುಕೂ ಗೊತ್ತಿಲ್ಲೆ. ಹೇಳುಕೆ ನೀನ್ ಮಾತ್ರ ಇಪ್ಪುದ್."

ವಾಪಸು ಬರುವ ಬಸ್ಸಿನಲ್ಲಿ ಅವಳು ಕುಂದಾಪುರದವರೆಗೂ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಕುಂಭಾಶಿಯಲ್ಲಿ ಇಳಿಯುವಾಗ, ಮೊದಲು ಅಕ್ಕನಿಗೆ ಹೇಳುತ್ತೇನೆ ಅಂದಳು.

ಹೇಳಿದಳು. ಅಕ್ಕ ಗಂಡನಿಗೆ ಹೇಳಿದಳು. ಅತ್ತೆ ಹದಿನೈದು ದಿನ ಸೊಸೆಯ ಜೊತೆ ಮಾತು ಬಿಟ್ಟರು, ತಾಯಿಯ ಅಂಗಡಿಗೇ ಬಂದು ನಾಲ್ಕು ಜನರ ಎದುರು ಮೋಸಗಾರರು ಎಂದು ಹೇಳಿ ಹೋದರು. ನಿವೃತ್ತ ಸುಪರಿಂಟೆಂಡೆಂಟರು ನನ್ನನ್ನು ಬ್ರಹ್ಮಾವರದ ಪೇಟೆಯಲ್ಲಿ ಕಂಡು ಮುಖ ತಿರುಗಿಸಿದರು, ನನಗೂ ಮೊದಲೇ ಗೊತ್ತಿತ್ತು ಎಂದು ಅವರ ಲೆಕ್ಕ. ಭಾವ ಮಾತ್ರ ಒಂದು ಶನಿವಾರ ರಜೆ ಹಾಕಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಕಣ್ಣಿನ ಆಸ್ಪತ್ರೆಗೆ ಹೋದರು. ಅಂದು ಸಂಜೆ ಹುಡುಗಿ ನನಗೆ ಫೋನು ಮಾಡಿ ಎಲ್ಲ ಹೇಳಿ, ಮೇಡಂ ಬಗ್ಗೆ ಬರೆಯುವುದಿದ್ದರೆ ಇನ್ನು ಬರೆಯಿರಿ, ಹೆಸರು ಹಾಕಬೇಡಿ ಅಂದಳು. ಮೇಡಂಗೆ ನೀವೇ ಫೋನು ಮಾಡಿ ಹೇಳಿ ಅಂದಳು.

ನಾನು ಫೋನು ಮಾಡಿದೆ. ಅತ್ತೆಯ ಜಗಳದಿಂದ ಶುರು ಮಾಡಿ, ಭಾವ ಎಷ್ಟು ಒಳ್ಳೆಯವರೆಂದು ಹೇಳಿ, "ಮದಿಗ್ ಮೊದ್ಲೇ ಹೇಳಿದ್ರೂ ನಾನ್ ಬೇಡ ಅಂತಿರ್ಲಿಲ್ಲೆ ಅಂದ್ರಂಬ್ರ್" ಅಂದೆ.

"ಈಗ ಹಾಂಗ್ ಹೇಳುದ್ ಸುಲಭ," ಅಂದರು ಮೇಡಂ. "ಮಕ್ಳ ಕಣ್ಣ್ ಎಂತ ಆಯ್ತ್, ಅದನ್ ಹೇಳಿ."

"ಗಂಡಿಂದ್ ಎಂತದೂ ಇಲ್ಲೆ. ಹೆಣ್ಣಿಂದ್ ಸುರುವಾಪ ಲಕ್ಷಣ ಇತ್ತಂಬ್ರ್. ಈಗ್ಳೇ ಬಂದದ್ದ್ ಒಳ್ಳೇದಾಯ್ತ್, ವರ್ಷಕ್ಕೆ ಎರಡ್ ಸಲ ಕರ್ಕಂಡ್ ಬನ್ನಿ ಅಂದಿದ್ರ್."

ಆ ಕಡೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಅವರು ತಂಗಿಗೆ ನಿಲ್ಲಿಸಲು ಹೇಳಿದ್ದು ಕೇಳಿಸಿತು. ಸದ್ದು ನಿಂತಿತು.

"ಇನ್ನೊಂದ್ ಸಲ ಹೇಳಿ" ಅಂದರು.

ಹೇಳಿದೆ.